ರಕ್ತ ಕೊಡಲೊಪ್ಪದ ಮಾವ

ನನ್ನ ಮಾವ ನಂಜುಂಡಪ್ಪನವರು ಯಾವ ಮಗುವನ್ನು ಕಂಡರೂ ಮೊದಲು ಅದರ ಮೂಗು ನೋಡುತ್ತಿದ್ದರು. ನೋಡಿ, ಅದು ಯಾರ ಕಡೆಯ ಮೂಗೆಂದು ತೀರ್ಪು ಕೊಡುತ್ತಿದ್ದರು. ಚೆಂದವಿದ್ದರೆ ತಂದೆಯ ಕಡೆಯದು, ಸೊಟ್ಟಗಿದ್ದರೆ ತಾಯಿಯ ಕಡೆಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ಮೇಲೆ, ನ್ಯೂ ಟೌನಿನ ಮನೆಯ ವರಾಂಡದಲ್ಲಿ ಕೂತು ಅವರು ಮಾಡಿದ ಕೆಲಸ ಇದೊಂದೇ.

ನನ್ನ ಮಗಳು ಚಿನ್ಮಯಿಗೆ ವರ್ಷ ತುಂಬುತ್ತ ಬಂದರೂ ಕತ್ತು ನಿಲ್ಲಲಿಲ್ಲ. ಮಾವನ ತೀರ್ಪು ಸಿದ್ಧವಿತ್ತು. "ನಮ್ಮಲ್ಲಿ ಇಂಥದ್ದಿಲ್ಲ ಕಣ್ರೀ, ಎಲ್ಲ ಸೊಸೆ ಕಡೆಯಿಂದ ಬಂದಿದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಕಾಫಿ ತಂದಿಡುವಾಗಲೂ ದನಿ ತಗ್ಗುತ್ತಿರಲಿಲ್ಲ.

ಶಿವಮೊಗ್ಗದ ಮಕ್ಕಳ ಡಾಕ್ಟರು ಮಗುವಿನದು, ನನ್ನದು, ನನ್ನ ಗಂಡನದು ರಕ್ತ ತೆಗೆಸಿ ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಅತ್ತೆ, ಮಾವ ಇಬ್ಬರೂ ಜೊತೆಗೆ ಬಂದರು. ಮಾವನಿಗೆ ನನ್ನ ತಪ್ಪನ್ನು ಕಿವಿಯಾರೆ ಕೇಳುವ ಆಸೆ. ಡಾಕ್ಟರು ಹೇಳಿದ್ದು ಬೇರೆ. ನನ್ನ ಗಂಡನ ಎರಡು ಕ್ರೋಮೋಸೋಮ್‌ಗಳ ತುಂಡುಗಳು ಪರಸ್ಪರ ಜಾಗ ಬದಲಿಸಿವೆ. ಅವರಲ್ಲಿ ಏನೂ ಕಳೆದಿಲ್ಲ, ಹೆಚ್ಚಾಗಿಲ್ಲ, ಅದಕ್ಕೇ ತೊಂದರೆಯಿಲ್ಲ. ಮಗುವಿಗೆ ಮಾತ್ರ ಒಂದು ತುಂಡು ಹೆಚ್ಚು, ಇನ್ನೊಂದು ಕಡಿಮೆ ಬಂದಿದೆ. ಯಾರ ತಪ್ಪೂ ಅಲ್ಲ. ಗಂಡನ ತಂದೆತಾಯಿ, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು. ಇದು ಇದ್ದವರಲ್ಲಿ ಗರ್ಭ ನಿಲ್ಲದಿರುವುದೂ ಉಂಟು.

ಅತ್ತೆ ಅಲ್ಲೇ ಕೈ ಚಾಚಿದರು. ಮಾವ ಮಾತ್ರ, "ಕುಲುಮೆ ಮುಂದೆ ನಿಂತವನು ನಾನು. ನನ್ನ ರಕ್ತದಲ್ಲಿ ಏನ್ ನೋಡ್ತೀರಿ?" ಅಂದರು. ಕಬ್ಬಿಣ ಕರಗಿಸಿದ ಶೂರರು ಒಂದು ಸೂಜಿಗೆ ಬೆನ್ನು ತಿರುಗಿಸಿ ಹೊರಟೇಹೋದರು.

ಆಯನೂರಿಗೆ ಕೊಟ್ಟಿದ್ದ ಅವರ ಮಗಳು ಸವಿತಾಳಿಗೆ ಎರಡು ಸಲ ಗರ್ಭಪಾತವಾಗಿತ್ತು. ಅವಳಿಗೆ ಇದನ್ನು ಯಾರೂ ಹೇಳಕೂಡದೆಂದು ಮಾವನ ಕಟ್ಟಪ್ಪಣೆಯಾಯಿತು. "ಹೆಣ್ಣು ಕೊಟ್ಟ ಮನೇಲಿ ನನ್ನ ಮರ್ಯಾದೆ ಏನಾಗ್ಬೇಕು?" ಮಗಳ ಗತಿ ಏನಾಗಬೇಕೆಂದು ಅವರಿಗೆ ತೋಚಲಿಲ್ಲ. ನಾನು ಆ ಸಂಜೆಯೇ ಸವಿತಾಳಿಗೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

"ಅತ್ತಿಗೆ, ನಾನು ಸ್ಕೂಟಿ ಓಡಿಸಿದ್ದಕ್ಕೇ ಮಗು ಹೋಯ್ತು ಅಂತ ಅಪ್ಪಾನೇ ಅಂದಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ."

ಅತ್ತೆಯ ರಕ್ತದಲ್ಲಿ ಏನೂ ಇರಲಿಲ್ಲ. ಸವಿತಾಳಲ್ಲಿ ಅಣ್ಣನದೇ ಬದಲಾವಣೆ ಇತ್ತು. ಅದು ಬಂದಿದ್ದು ಮಾವನಿಂದಲೇ ಎಂಬ ಉತ್ತರ ಅವರ ತೋಳು ಮುಟ್ಟದೆಯೇ ಸಿಕ್ಕಿತು. ಮುಂದಿನ ಬಸಿರಿನಲ್ಲಿ ಅವಳು ಹೊಟ್ಟೆಯಲ್ಲಿದ್ದ ಮಗುವಿಗೂ ಮೊದಲೇ ಪರೀಕ್ಷೆ ಮಾಡಿಸಿದಳು. ಮಗು ಆರೋಗ್ಯವಾಗಿ ಹುಟ್ಟಿತು. ನಾಮಕರಣದಲ್ಲಿ ಮಾವ ಅದನ್ನೆತ್ತಿಕೊಂಡು, ನಮ್ಮ ವಂಶದ ಕಳೆ ನೋಡಿ ಎಂದು ಎದೆಯುಬ್ಬಿಸಿ ತಿರುಗಿದರು. ಅಷ್ಟರಲ್ಲಿ, ಸವಿತಾಳಿಗೆ ಫೋನ್ ಮಾಡಿದ್ದಕ್ಕೆ ಅವರು ನನ್ನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು.

ಹೋದ ವರ್ಷ ಅವರು ಆಸ್ಪತ್ರೆ ಸೇರಿದಾಗ ಚಿನ್ಮಯಿಯನ್ನೂ ಕರೆದೊಯ್ದೆ. ಆಗಷ್ಟೇ ನಡೆಯಲು ಕಲಿತಿದ್ದವಳು ಮಂಚ ಹಿಡಿದು ನಿಂತಳು. ಯಾರಿವಳು ಎಂದು ನರ್ಸ್ ಕೇಳಿದರು.

"ಸೊಸೆ ಮಗಳು" ಎಂದು ಮಾವ ಗೋಡೆಯ ಕಡೆ ಹೊರಳಿದರು. ಅದೇ ವಾರ ತೀರಿಕೊಂಡರು.

ಚಿನ್ಮಯಿಗೆ ಬರುವ ಮಾತು ನಾಲ್ಕೈದು. ಅದರಲ್ಲೊಂದು 'ತಾತ'. ಬೆಳಿಗ್ಗೆ ಎದ್ದು, ಗೋಡೆ ಹಿಡಿದುಕೊಂಡು, ಕೋಣೆ ಕೋಣೆಗೂ ಹೋಗಿ ಕರೆಯುತ್ತಾಳೆ. ಈ ಮನೆಯಲ್ಲಿ ಈಗ ಅವರನ್ನು ಹುಡುಕುವವಳು ಅವಳೊಬ್ಬಳೇ.