ಹುಲಿಗೆಮ್ಮ ಬರೆದ ಮೂರು ಓಮ್

ಹುಲಿಗೆಮ್ಮ ಮಾಡಿದ ಲೆಕ್ಕ ಸರಿಯಾಗಿತ್ತು. ಅದು ತಪ್ಪೆಂದು ಇಡೀ ಕ್ಲಾಸಿನೆದುರು ಹೇಳಿದವಳು ನಾನು. ಮರುದಿನವೇ ನಿಜ ಗೊತ್ತಾದ ಮೇಲೂ ಬಾಯಿ ಬಿಡದೆ ಕೂತವಳೂ ನಾನೇ. ಇಷ್ಟನ್ನು ನೇರವಾಗಿ ಬರೆಯುವುದಕ್ಕೆ ನಾನು ಮುದುಕಿಯಾಗಬೇಕಾಯಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ರಾಯಚೂರಿನವಳಾದ ನಾನು ಎಂ.ಎಸ್ಸಿ. ಮುಗಿಸಿ, ಮಾನ್ವಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದ್ದೆ. ಬೆಳಗಿನ ಬಸ್ಸು, ಹತ್ತಿ ಮಿಲ್ಲುಗಳ ಧೂಳು, ಕಿಟಕಿಯಾಚೆ ಎರೆಹೊಲದ ಕರಿ ಮಣ್ಣು — ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಅರಳುತ್ತದೆ. ಆ ಒಂದು ದಿನದ ಹತ್ತಿರ ಬಂದಾಗ ಮಾತ್ರ...

ನಮ್ಮ ಲ್ಯಾಬ್ ಅಂದರೆ ಎರಡು ಉದ್ದನೆಯ ಮೇಜು, ಬೀರುವಿನಲ್ಲಿ ಒಂದೇ ಒಂದು ಒಳ್ಳೆಯ ಅಮ್ಮೀಟರ್. ಕರೆಂಟನ್ನು ನಂಬುವಂತಿರಲಿಲ್ಲ. ಹಾಗಾಗಿ ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ತರಿಸಿ, ಅದಕ್ಕೆ ಹೊಂದುವ ಬಲ್ಬು, ವೋಲ್ಟ್ ಹೆಚ್ಚುಕಮ್ಮಿ ಮಾಡುವ ರಿಯೋಸ್ಟಾಟ್ ಜೋಡಿಸಿ ಪ್ರಯೋಗ ಮಾಡಿಸಿದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬಲ್ಬಿನ ತಂತಿ ಒಡ್ಡುವ ರೋಧ ಸಿಗುತ್ತದೆ, ಅದು ಓಮ್. ಗುಣಿಸಿದರೆ ಅದು ನುಂಗುವ ಶಕ್ತಿ, ಅದು ವ್ಯಾಟ್. ಬೋರ್ಡಿನ ಮೇಲೆ ಇಷ್ಟು ಬರೆದು, ವೋಲ್ಟ್ ಎಷ್ಟೇ ಇರಲಿ ರೋಧ ಒಂದೇ ಬರಬೇಕು ಎಂದೂ ಹೇಳಿದ್ದೆ. ಬಹಳ ಖಚಿತವಾಗಿ ಹೇಳಿದ್ದೆ.

ಎಲ್ಲರಿಗೂ ಒಂದೇ ಬಂತು. ಹನ್ನೆರಡು ವೋಲ್ಟಿಗೆ ಎರಡು ಆಂಪಿಯರ್, ಅಂದರೆ ಆರು ಓಮ್, ಇಪ್ಪತ್ತನಾಲ್ಕು ವ್ಯಾಟ್. ಕೋಷ್ಟಕದ ಉಳಿದ ಸಾಲುಗಳನ್ನು ಅವರು ಅಮ್ಮೀಟರಿನ ಮುಳ್ಳಿನ ಕಡೆ ನೋಡದೆ, ಆರು ಬರುವ ಹಾಗೆ ತುಂಬಿದ್ದರು. ಹುಲಿಗೆಮ್ಮ ಒಬ್ಬಳೇ ಬಲ್ಬನ್ನು ಮಂದವಾಗಿ ಉರಿಸಿ, ಮೂರು ವೋಲ್ಟಿಗೆ ಒಂದು ಆಂಪಿಯರ್ ಎಂದು ಬರೆದಿದ್ದಳು. ಮೂರು ಓಮ್, ಮೂರು ವ್ಯಾಟ್.

ಅವಳು ಚೀಕಲಪರ್ವಿಯ ಹುಡುಗಿ. ತಂದೆತಾಯಿ ಕಂಡವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದರು. ಅವರ ಕೇರಿಯಿಂದ ಸೈನ್ಸ್ ಓದಲು ಬಂದವರಲ್ಲಿ ಇವಳೇ ಮೊದಲನೆಯವಳು. ಒಂದೇ ಬಲ್ಬಿಗೆ ಎರಡು ಥರದ ರೋಧ ಎಲ್ಲಿಂದ ಬಂತು, ತಿದ್ದು ಎಂದೆ. ಅವಳು ಎದ್ದು ನಿಂತಳು.

“ಮುಳ್ಳು ಒಂದರ ಮ್ಯಾಲೇ ನಿಂತಿತ್ರೀ ಮೇಡಂ. ನಾ ನೋಡಿದ್ದು ಬರದೀನಿ.”

“ನೋಡಿದ್ದಲ್ಲ, ನೀ ಮನಸಿಗೆ ಬಂದಿದ್ದು ಬರದೀ. ನಿನಗ ಸೈನ್ಸ್ ಹತ್ತಂಗಿಲ್ಲ, ಆರ್ಟ್ಸಿಗೆ ಹೋಗು.”

ಹಿಂದಿನಿಂದ ಯಾರೋ ನಕ್ಕರು. ನಾನು ತಡೆಯಲಿಲ್ಲ. ಅವಳ ಕೇರಿ ಯಾವುದೆಂದು ನನಗೆ ಗೊತ್ತಿತ್ತು. ಮುಂದಿನ ಬೆಂಚಿನ ವಕೀಲರ ಮಗ ಅದನ್ನೇ ಬರೆದಿದ್ದರೆ, ಎದ್ದು ಹೋಗಿ ಮುಳ್ಳು ನೋಡುತ್ತಿದ್ದೆನೇನೋ... ಏನೋ ಅಲ್ಲ, ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ, ಮನಸ್ಸು ತಡೆಯದೆ, ಒಬ್ಬಳೇ ಕೂತು ಅದೇ ಬಲ್ಬನ್ನು ಜೋಡಿಸಿದೆ. ಮೂರು ವೋಲ್ಟಿಗೆ ಮುಳ್ಳು ಒಂದರ ಮೇಲೆ ನಿಂತಿತು. ತಂತಿ ಕಾಯ್ದಷ್ಟೂ ಅದರ ರೋಧ ಏರುತ್ತದೆ; ಮಂದ ಉರಿವ ಬಲ್ಬಿಗೂ ಧಗಧಗ ಉರಿವ ಬಲ್ಬಿಗೂ ಅದು ಒಂದೇ ಇರಲು ಸಾಧ್ಯವಿಲ್ಲ. ನನ್ನ ಪರೀಕ್ಷೆಯಲ್ಲಿ ನಾನೇ ಬರೆದು ಪಾಸಾದ ಮಾತು.

ಹೇಳಬೇಕೆಂದೇ ಮುಂದಿನ ಕ್ಲಾಸಿಗೆ ಹೋದೆ. ಹುಲಿಗೆಮ್ಮ ಬಂದಿದ್ದಳು. ಆದರೆ ಆ ಹುಡುಗರ ಎದುರು, ಹೊಸದಾಗಿ ಸೇರಿದ ನಾನು, ‘ಮೇಡಂಗೇ ಬರಂಗಿಲ್ಲ’ ಅನ್ನಿಸಿಕೊಳ್ಳುವುದು — ಚಾಕ್‌ಪೀಸ್ ತೆಗೆದುಕೊಂಡು ಅಯಸ್ಕಾಂತದ ಪಾಠ ಶುರು ಮಾಡಿದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ತಲೆ ಬಗ್ಗಿಸಿ ಬರೆದುಕೊಳ್ಳತೊಡಗಿದಳು. ಮುಂದಿನ ವರ್ಷ ಆರ್ಟ್ಸಿಗೆ ಸೇರಿದಳೆಂದು ಕೇಳಿದೆ. ಕೇಳಿ ನನಗೆ ಹಗುರವಾಯಿತು. ಅದನ್ನೂ ಮುಚ್ಚಿಡಬಾರದು.

ಎಂಬತ್ತರ ದಶಕದ ನಡುವೆ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಬಂದು ನನ್ನ ಕಾಲು ಮುಟ್ಟಿದಳು. ಹುಲಿಗೆಮ್ಮ. ಯಾರದೋ ಮದುವೆಗೆಂದು ಬಂದಿದ್ದಳಂತೆ. ಸಾಲಿಯಲ್ಲಿ ಟೀಚರ್ ಆಗಿದ್ದಾಳೆ, ತನ್ನ ಊರಲ್ಲೇ ಕೆಲಸ. ನಗುತ್ತಲೇ ಹೇಳಿದಳು:

“ನೀವು ಅವತ್ತ ಖರೇನ ಹೇಳಿದ್ರಿ ಮೇಡಂ. ನನಗ ಸೈನ್ಸು, ಲೆಕ್ಕ ಹತ್ತತಿರಲಿಲ್ಲ. ಈಗೂ ಹುಡುಗರಿಗೆ ಕನ್ನಡ ಅಷ್ಟ ಕಲಸ್ತೀನಿ, ಲೆಕ್ಕದ ಪಾಠ ಬ್ಯಾರೆಯವರಿಗೆ ಬಿಟ್ಟೀನಿ.”

ನಾನು ಹೂಂ ಅಂದೆ. ಅವಳ ಬಸ್ಸು ಬಂತು, ಹೋದಳು. ಹೂಂ ಅಂದೆ! ಮೊದಲ ಸಲ ಅಜ್ಞಾನವಾದರೂ ಇತ್ತು, ಈ ಸಲ ಅದೂ ಇರಲಿಲ್ಲ.

ಆ ರವಿವಾರವೇ ಚೀಕಲಪರ್ವಿಗೆ ಹೋದೆ. ಮನೆಯ ಮುಂದೆ ಕೂತು ಶೇಂಗಾ ಒಡೆಯುತ್ತಿದ್ದ ಅವಳು ಗಡಬಡಿಸಿ ಎದ್ದು ಚಾಪೆ ಹಾಸಿದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ನಿನ್ನ ಮೂರು ಓಮ್ ಸರಿ ಇತ್ತು, ಇಡೀ ಕ್ಲಾಸಿನಲ್ಲಿ ಪ್ರಯೋಗ ಮಾಡಿದವಳು ನೀನೊಬ್ಬಳೇ ಎಂದು. ಅವಳ ಮುಖ ಮೊದಲು ಅರಳಿತು. ಆಮೇಲೆ ಕೇಳಿದಳು:

“ನಿಮಗ ಇದು ಯಾವಾಗ ಗೊತ್ತಾತ್ರೀ?”

“ಮರುದಿನ.”

ಕೈಯಲ್ಲಿದ್ದ ಶೇಂಗಾವನ್ನು ಬುಟ್ಟಿಗೆ ಹಾಕಿದಳು.

“ಅವತ್ತ ಒಂದು ಮಾತು ಹೇಳಿದ್ರ ಆಗ್ತಿತ್ತಲ್ರೀ.”

ಹೌದು ಅಂದೆ.