ಅತ್ತೆಯ ಪೂಜೆಗೆ ನನ್ನ ಅಂಗೈ

ನನಗೆ ದೇವರಲ್ಲಿ ನಂಬಿಕೆಯಿಲ್ಲ, ಪ್ರಸಾದದಲ್ಲಿ ಇದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮ ಓಣಿಯವರಿಗೆಲ್ಲ ಇದು ಗೊತ್ತು. ಸತ್ಯನಾರಾಯಣ ಪೂಜೆ ಇಟ್ಟುಕೊಂಡವರು ನನ್ನನ್ನು ಪೂಜೆಗೆ ಕರೆಯುವುದಿಲ್ಲ, ಮುಗಿದ ಮೇಲೆ ಪ್ರಸಾದದ ಶಿರಾ ಕಳಿಸುತ್ತಾರೆ. ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಯಾವ ನಾಸ್ತಿಕ ಕೇಳಿಯಾನು!

ಇದೇ ಜನ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ: ದೇವರ ಅಂಜಿಕೆ ಇಲ್ಲದ ಮೇಲೆ ಮನುಷ್ಯ ನೆಟ್ಟಗೆ ಇರುವುದು ಹೇಗೆ? ಕೇಳಿದವರೇ ತೀರ್ಥಯಾತ್ರೆಗೆ ಹೊರಟಾಗ ಮನೆಯ ಕೀಲಿಕೈಯನ್ನು ನನ್ನ ಕೈಯಲ್ಲಿ ಇಟ್ಟು ಹೋಗುತ್ತಾರೆ. ಪ್ರಶ್ನೆಗೂ ಕೀಲಿಕೈಗೂ ಏನಾದರೂ ಸಂಬಂಧ ಇರಬಹುದೆಂದು ಅವರಿಗೆ ಹೊಳೆದಿಲ್ಲ. ನಾನೂ ಹೇಳಲು ಹೋಗಿಲ್ಲ. ಹೇಳಿದರೆ ಕೀಲಿಕೈ ಬರುವುದು ನಿಂತೀತು, ಅದರ ಹಿಂದೆ ಶಿರಾ ಕೂಡ.

ಶಾಸ್ತ್ರದ ಪ್ರಕಾರ ವೇದವನ್ನು ಒಪ್ಪದವನೇ ನಾಸ್ತಿಕ. ಹಾಗೆ ನೋಡಿದರೆ, ಶರಣರ ದಾರಿ ಹಿಡಿದ ನಮ್ಮ ಮನೆತನ ಶತಮಾನಗಳ ಹಿಂದೆಯೇ ನಾಸ್ತಿಕರ ಸಾಲಿಗೆ ಸೇರಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋದೆ, ಅಷ್ಟೆ. ಈ ವಾದವನ್ನು ನಾನು ಮೊದಲು ಮಂಡಿಸಿದ್ದು ಖಾನಾಪುರದ ಗಂಗವ್ವತ್ತೆಯ ಮುಂದೆ. ಗಂಗವ್ವತ್ತೆ ಎಂದರೆ ನನ್ನ ತಂದೆಯ ತಂಗಿ. ಆಕೆ ಪೂರ್ತಿ ಕೇಳಿಸಿಕೊಂಡು, ಆ ಒಂದು ಹೆಜ್ಜೆ ಇಟ್ಟಲ್ಲಿ ಕೆಳಗೆ ನೆಲ ಇದೆಯೋ ಇಲ್ಲವೋ ನೋಡಿಕೊಂಡೆಯಾ ಎಂದು ಕೇಳಿದ್ದಳು.

ಈ ಅತ್ತೆ ಕಳೆದ ಬೇಸಿಗೆಯಲ್ಲಿ ಹಿತ್ತಲಲ್ಲಿ ಬಿಲ್ವಪತ್ರೆ ಹರಿಯಲು ಹೋಗಿ, ಕಟ್ಟೆಯಿಂದ ಜಾರಿ ಬಿದ್ದು ಎಡಗೈ ಮುರಿದುಕೊಂಡಳು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು. ರಜೆ ಇತ್ತು, ಖಾನಾಪುರಕ್ಕೆ ಹೋದೆ. ಪೂಜೆಯ ಎಲೆಗೆಂದೇ ಹೋದವಳನ್ನು ದೇವರು ಹಿಡಿಯಲಿಲ್ಲವಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅತ್ತೆ ನನ್ನ ಮುಖ ನೋಡಿದವಳೇ, "ಕೈ ಅಷ್ಟ ಮುರದೈತಿ, ಶಿವೂ. ಸೊಂಟ ಉಳಿಸ್ಯಾನ," ಎಂದಳು. ಇಂಥವರ ಜೊತೆ ವಾದ ಮಾಡುವುದು ಹೇಗೆ? ಅಂದಹಾಗೆ ನನ್ನ ಹೆಸರು ಶಿವಾನಂದ. ಅದನ್ನು ಇಟ್ಟವಳೂ ಅವಳೇ.

ಆದರೆ ಮನೆಯಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ. ಅತ್ತೆ ದಿನವೂ ಕೊರಳಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮಾಡುವವಳು. ಅದಾಗದೆ ಬಾಯಿಗೆ ಅನ್ನ ಹಾಕಿದವಳಲ್ಲ. ಈಗ ಎಡಗೈ ಬೆರಳ ಬುಡದವರೆಗೆ ಪ್ಲಾಸ್ಟರಿನಲ್ಲಿತ್ತು. ಪೂಜೆ ಇಲ್ಲ, ಹಾಗಾಗಿ ಊಟವೂ ಇಲ್ಲ. ಬರೀ ಚಹಾದ ಮೇಲೆ ಇದ್ದಳು. ಸೊಸೆ ಸವಿತಾ ಪಾರಿಶ್ವಾಡದ ದವಾಖಾನೆಯಲ್ಲಿ ನರ್ಸ್. ಖಾಲಿ ಹೊಟ್ಟೆಯಲ್ಲಿ ಬಿಪಿ ಗುಳಿಗೆ ನುಂಗುತ್ತಿದ್ದ ಅತ್ತೆಯನ್ನು ನೋಡಿ ಅವಳಿಗೆ ದಿಗಿಲು. ಮಗ ಈರಣ್ಣ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಅವನು ಲಿಂಗವನ್ನು ಬೆಳ್ಳಿಯ ತಾಟಿನಲ್ಲಿ ಇಟ್ಟು ಪೂಜಿಸೆಂದು ಬೇಡಿಕೊಂಡ. "ತಾಟಿನ್ಯಾಗ ಇಡಾಕ ಅದೇನು ರೊಟ್ಟಿ ಏನೋ?" ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಹಾಗಾದರೆ ನಿಮ್ಮ ಅಂಗೈಯನ್ನೇ ಒಡ್ಡಿ ಎಂದು ನಾನು ಗಂಡ ಹೆಂಡತಿಗೆ ಹೇಳಿದೆ. ಇಬ್ಬರೂ ಬೆಚ್ಚಿದರು. ಇನ್ನೊಬ್ಬರ ಲಿಂಗ ಮುಟ್ಟಬಾರದು, ಲಿಂಗ ಮೈ ಬಿಟ್ಟು ಅಗಲಬಾರದು, ಕೈತಪ್ಪಿ ಬಿದ್ದರಂತೂ ಆ ಪಾಪಕ್ಕೆ ಪರಿಹಾರವೇ ಇಲ್ಲವೆಂದು ಈರಣ್ಣ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸವಿತಾ ಬಸ್ಸಿನ ಹೊತ್ತಾಯಿತೆಂದಳು. ಆಗ ಗೋಡೆಯ ಕಡೆಯಿಂದ ಅತ್ತೆಯ ದನಿ ಬಂತು.

"ನೀ ಕೊಡೋ ನಿನ್ನ ಅಂಗೈ. ಹೆಂಗೂ ನಿನಗ ಪಾಪ ಹತ್ತಂಗಿಲ್ಲಲ್ಲ."

ಹೀಗೆ ಕಾಲೇಜಿನ ದಿನಗಳಲ್ಲೇ ಕೊರಳಿನ ಲಿಂಗ ತೆಗೆದಿಟ್ಟ ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಈರಣ್ಣನ ಮಡಿ ಧೋತರ ಉಟ್ಟು, ಅತ್ತೆಯ ಎಡಕ್ಕೆ ಕುಳಿತು, ಅವಳ ಅಂಗೈ ಇರಬೇಕಾದ ಜಾಗದಲ್ಲಿ ನನ್ನ ಅಂಗೈ ಒಡ್ಡತೊಡಗಿದೆ. ನಂಬುವವರಿಗೆಲ್ಲ ಪಾಪದ ಭಯ. ಭಯವಿಲ್ಲದವನು ನಾನೊಬ್ಬನೇ ಎಂಬುದು ಮನೆಯವರ ಲೆಕ್ಕಾಚಾರ. ಅದು ತಪ್ಪೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ಲಿಂಗ ಅಂಗೈಗೆ ಬಂದ ಕೂಡಲೇ ಇನ್ನೊಂದು ಕೈಯನ್ನೂ ಅದರ ಕೆಳಗೆ ಆಸರೆ ಕೊಟ್ಟು ಕುಳಿತೆ. ಮೂಗು ಬೇರೆ ಆಗಲೇ ತುರಿಸಬೇಕೆ? ಅತ್ತೆ ಮಾತ್ರ ಆ ಕರಿಯ ಲಿಂಗವನ್ನು ನೋಡುತ್ತ ಎಲ್ಲೋ ಇಳಿದುಹೋಗಿದ್ದಳು. ಅವಳ ಮುಖ ಹಾಗೆ ಹಗುರಾಗುವುದನ್ನು ಅಷ್ಟು ಹತ್ತಿರದಿಂದ ನಾನೆಂದೂ ಕಂಡಿರಲಿಲ್ಲ. ಪೂಜೆ ಮುಗಿಸಿ ಎರಡು ರೊಟ್ಟಿ ತಿಂದಳು. ಸವಿತಾ ಅಡುಗೆಮನೆಯಿಂದ ಇಣುಕಿ ನೋಡಿ ಕಣ್ಣೊರೆಸಿಕೊಂಡಳು.

ಕೈ ಒಡ್ಡಿ ಒಡ್ಡಿ ರೂಢಿಯಾಗುತ್ತ ಬಂದಾಗ ಅದು ನಡೆಯಿತು. ಈರಣ್ಣ ಅಂಗಡಿಗೆ ಹೋಗಿದ್ದ, ಸವಿತಾ ಪಾರಿಶ್ವಾಡಕ್ಕೆ. ಅತ್ತೆ ಪತ್ರೆಯ ಬುಟ್ಟಿಗೆಂದು ಆಚೆ ತಿರುಗಿದ್ದಳು. ಊದುಬತ್ತಿಯ ಹೊಗೆ ಮೂಗಿಗೆ ಹೋಗಿ ನನಗೆ ಸೀನು ಬಂತು. ಒದ್ದೆ ಅಂಗೈಯಿಂದ ಲಿಂಗ ಜಾರಿ ನನ್ನ ತೊಡೆಯ ಮೇಲೆ, ಧೋತರದ ಮಡಿಕೆಯಲ್ಲಿ ಬಿತ್ತು. ಅವಳು ಈಚೆ ತಿರುಗುವಷ್ಟರಲ್ಲಿ ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಪೂಜೆ ಸಾಗಿತು.

ಮನುಷ್ಯರು ಯಾರೂ ನೋಡಿರಲಿಲ್ಲ. ನೋಡಬಹುದಾಗಿದ್ದ ಇನ್ನೊಬ್ಬನಂತೂ, ನನ್ನ ಮತದ ಪ್ರಕಾರ, ಇಲ್ಲವೇ ಇಲ್ಲ. ಸದಾಶಿವನಗರದವರ ಪ್ರಶ್ನೆ ಈಗ ಬಂದು ನನ್ನ ಎದುರು ಚಕ್ಕಳಬಕ್ಕಳ ಹಾಕಿ ಕುಳಿತಿತ್ತು. ಹೇಳದಿರಲು ಒಳ್ಳೆಯ ಕಾರಣವೂ ಇತ್ತು: ಹೇಳಿದರೆ ಅತ್ತೆ ಮತ್ತೆ ಊಟ ಬಿಟ್ಟರೆ? ಲಿಂಗ ಬಿದ್ದದ್ದಕ್ಕೆ ಅನ್ನನೀರು ಬಿಟ್ಟ ಹಿರಿಯರ ಕಥೆಗಳನ್ನು ಚಿಕ್ಕಂದಿನಲ್ಲಿ ಕೇಳಿ ಬೆಳೆದವನು ನಾನು. ಸುಮ್ಮನಿರುವುದೇ ಕರುಣೆ ಎಂದು ಬುದ್ಧಿ ಹೇಳಿತು. ಆದರೆ ನನಗೆ ಕಲ್ಲಾಗಿ ಕಂಡದ್ದು ಅವಳಿಗೆ ಕಲ್ಲಲ್ಲ. ತನ್ನ ಪ್ರಾಣದಂಥದ್ದನ್ನು ಅವಳು ನನ್ನ ಕೈಗೆ ಕೊಟ್ಟಿದ್ದಳು. ಅದಕ್ಕೆ ಏನಾಯಿತೆಂದು ತಿಳಿಯುವ ಹಕ್ಕು ಅವಳದು, ತಿಳಿಯದಂತೆ ಮುಚ್ಚಿಡುವ ಹಕ್ಕು ನನ್ನದಲ್ಲ. ಅವಳು ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡ ಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಅತ್ತೆ ಬಲಗೈಯಿಂದ ಕೊರಳಿನ ಅರಿವೆಯನ್ನು ಮುಟ್ಟಿ ನೋಡಿಕೊಂಡಳು. ಬೀದಿಯಲ್ಲಿ ತರಕಾರಿಯವಳು ಮರಾಠಿಯಲ್ಲಿ ಕೂಗುತ್ತ ಹೋದದ್ದು ಕೇಳಿಸಿತು.

"ನೆಲಕ್ಕ ಬಿತ್ತೇನು?"

"ಇಲ್ಲತ್ತಿ. ನನ್ನ ತೊಡಿ ಮ್ಯಾಲ."

"ತೊಡಿ ಅಂದ್ರ ಮೈನ ಅಲ್ಲೇನು? ಮೈ ಬಿಟ್ಟು ಹೋಗಿಲ್ಲ ತಗೋ," ಎಂದಳು. ನನ್ನ ಮೈಯನ್ನು ಅವಳು ಅಷ್ಟು ಸಲೀಸಾಗಿ ತನ್ನ ಮೈಯೊಳಗೆ ಸೇರಿಸಿಕೊಂಡದ್ದು ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳ ಇನ್ನೊಂದು ಪ್ರಶ್ನೆ ಬಂತು. "ನಾ ನೋಡಿದ್ದಿಲ್ಲ. ನಿನಗ ದೇವರ ಅಂಜಿಕಿ ಇಲ್ಲ. ಮತ್ತ ಯಾಕ ಹೇಳಿದಿ?"

ಬೆಳಗಾವಿಯ ಸಭೆಗಳಲ್ಲಿ ಧರ್ಮವಿಲ್ಲದ ನೀತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದವನು ನಾನು. ಅಂದು ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ, ನನಗೂ ಒಂದು ರೊಟ್ಟಿ ಹಾಕಿಕೊಳ್ಳಲು ಹೇಳಿದಳು. ತಾನೂ ಎಂದಿನಂತೆ ಉಂಡಳು.

ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಬೆಳಗಾವಿಯ ನಮ್ಮ ವಿಚಾರವಾದಿ ಗೆಳೆಯರು ನಾನು ದಾರಿ ತಪ್ಪಿದೆನೆಂದು ಮರುಗಿದರು. ಪಾರಿಶ್ವಾಡದಲ್ಲಿ ಬೇಸಾಯ ಮಾಡಿಕೊಂಡಿದ್ದ ಅತ್ತೆಯ ಮೈದುನ ಬಸಪ್ಪ ಕಾಕಾ, ನಾನು ದಾರಿಗೆ ಬಂದೆನೆಂದು ಹಿಗ್ಗಿದರು. ಇಷ್ಟಕ್ಕೂ ನಾನು ಕುಳಿತ ಜಾಗದಿಂದ ಅಲುಗಾಡಿರಲಿಲ್ಲ. ಅಲುಗಾಡಿದ್ದರೆ ಅತ್ತೆ ಬೈಯುತ್ತಿದ್ದಳು.

ಕೈ ವಾಸಿಯಾದ ಸಂತೋಷಕ್ಕೆ ಮನೆಯಲ್ಲಿ ಊಟವಿತ್ತು. ಕಾಕಾ ಎಲ್ಲರೆದುರು, ಈ ಹುಡುಗನಿಗೆ ಶಿವ ಒಲಿದಿದ್ದಾನೆ, ಒಳ್ಳೆಯ ದಿನ ನೋಡಿ ಮಠದ ಅಯ್ಯನವರನ್ನು ಕರೆಸಿ ಮತ್ತೆ ಲಿಂಗ ಕಟ್ಟಿಸೋಣ ಎಂದರು. ತಲೆ ನರೆತ ಹುಡುಗ ನಾನು, ರೊಟ್ಟಿ ಮುರಿಯುತ್ತಿದ್ದೆ. ಮಾತಾಡಿದವಳು ಅತ್ತೆ.

"ಬ್ಯಾಡ್ರಿ, ಕಾಕಾರ. ಅವ ಶಿವನ ಸಲುವಾಗಿ ಕುಂತಿದ್ದಿಲ್ಲ, ನನ್ನ ಸಲುವಾಗಿ ಕುಂತಿದ್ದ. ಅದನ್ನ ಒಯ್ದು ಶಿವನ ಲೆಕ್ಕಕ್ಕ ಹಚ್ಚಬ್ಯಾಡ್ರಿ."

ನನ್ನ ನಾಸ್ತಿಕತೆಯ ಪರವಾಗಿ ಅದಕ್ಕಿಂತ ಒಳ್ಳೆಯ ಮಾತನ್ನು ನಮ್ಮ ಯಾವ ಸಭೆಯಲ್ಲೂ ಕೇಳಿಲ್ಲ. ಹೇಳಿದವಳು ದಿನವೂ ಶಿವನೆದುರು ಕುಳಿತುಕೊಳ್ಳುವ ಹೆಂಗಸು. ಶಿವನಿಗೆ ಇದರಲ್ಲಿ ಏನಾದರೂ ತಕರಾರು ಇದ್ದರೆ, ಅವನು ಇದ್ದಾನೆಂದೇ ಇಟ್ಟುಕೊಂಡರೂ, ಅತ್ತೆಯ ಜೊತೆಗೇ ಮಾತಾಡಿ ಬಗೆಹರಿಸಿಕೊಳ್ಳಲಿ. ಅವಳೆದುರು ವಾದದಲ್ಲಿ ಗೆಲ್ಲುತ್ತಾನೆಂಬ ನಂಬಿಕೆ ಮಾತ್ರ ನನಗಿಲ್ಲ.