ಎಡಗಡೆಯಿಂದ ಬಂದ ಬಾಂಬರ್

ಅರವತ್ತರ ದಶಕದ ಕೊನೆಯಿರಬೇಕು. ದೊಡ್ಡಬಳ್ಳಾಪುರದ ನಮ್ಮ ಭೂಗೋಳದ ಮೇಷ್ಟ್ರು, ಎರಡನೇ ಮಹಾಯುದ್ಧದ ಕಾಲದ ಬಾಂಬರ್ ವಿಮಾನಗಳು ನಮ್ಮ ಸೀಮೆಯ ಮೇಲೆ ಹಾರಿದ ದಾರಿ ಹುಡುಕುತ್ತಿದ್ದರು. ಅವನ್ನು ಕಂಡಿದ್ದವರ ಮನೆಗೆ ಸೈಕಲ್ಲಿನಲ್ಲಿ ಹೋಗಿ, "ಅಂದಾಜು ಬೇಡ, ದಿಕ್ಕು ಹೇಳಿ" ಎನ್ನುತ್ತಿದ್ದರು. ಜನ ಎಡ, ಬಲ ಎಂದದ್ದನ್ನೇ ನಂಬಿ ನಕ್ಷೆಯಲ್ಲಿ ಗೆರೆ ಎಳೆಯುತ್ತಿದ್ದರು. ಅದನ್ನು ಪತ್ರಿಕೆಗೆ ಕಳಿಸುವ ಮುನ್ನ, ಸಾಸಲು ಹಳ್ಳಿಯ ಅಜ್ಜಿಯೊಬ್ಬರನ್ನು ಮತ್ತೊಮ್ಮೆ ಕೇಳಲು ಮೇಷ್ಟ್ರೂ ನಾನೂ ಹೋದೆವು.

"ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದೆ. ಎಡಗಡೆಯಿಂದ ಬಂತು."

"ಬೀದಿ ಕಡೆ ಮುಖ ತಾನೇ, ಅಜ್ಜಿ?" ಎಂದರು ಮೇಷ್ಟ್ರು.

"ಒಲೆ ಮೇಲೆ ಹಾಲಿಟ್ಟು ಬೀದಿ ನೋಡ್ತಾ ಕೂರ್ತಾರೇನಪ್ಪಾ? ಮುಖ ಒಳಕ್ಕಿತ್ತು."

ಮುಖ ಯಾವ ಕಡೆಗಿತ್ತೆಂದು ಮೇಷ್ಟ್ರು ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಅವರು ಜೋರಾಗಿ ನಕ್ಕರೆಂದು ನೆನಪು. ಆ ನಗು ನನ್ನದೇ ಇದ್ದರೂ ಇರಬಹುದು. ಮೇಷ್ಟ್ರು ಅಲ್ಲೇ ಕೂತು ಮೂರು ವರ್ಷದ ಗೆರೆಗಳನ್ನೆಲ್ಲ ರಬ್ಬರಿನಿಂದ ಅಳಿಸಿದರು.

"ನಾಳೆಯಿಂದ ಎಲ್ಲರನ್ನೂ ಅವತ್ತು ಕೂತಿದ್ದ ಹಾಗೇ ಕೂರಿಸಿ ಕೇಳೋಣ" ಎಂದರು.